ಫಾರಂನಲ್ಲಿ ಮ್ಯಾಕ್ ಅಡ್ರೆಸ್ ಕೇಳುತ್ತಾರೆ, ಯಾಕೆ ಅಂತ ಯಾರೂ ಹೇಳುವುದಿಲ್ಲ

ಪಿಯುಸಿ ಮುಗಿಸಿದ ಮಕ್ಕಳು ಡಿಗ್ರಿ, ಡಿಪ್ಲೊಮಾ, ನರ್ಸಿಂಗ್ ಅಂತ ಹುಣಸೂರು, ಮೈಸೂರು ಕಡೆ ಹೊರಡುವ ಹೊತ್ತಿಗೆ ನಮಗೆ ಪ್ರತಿ ವರ್ಷ ಒಂದೇ ತರಹದ ಫೋನ್ ಬರುತ್ತದೆ. "ಅಣ್ಣಾ, ಹಾಸ್ಟೆಲ್ ವೈಫೈ ಫಾರಂನಲ್ಲಿ ಮ್ಯಾಕ್ ಅಡ್ರೆಸ್ ಬರೀರಿ ಅಂತ ಅದೆ. ಅದೇನಣ್ಣಾ, ಊರಿನ ಅಡ್ರೆಸ್ಸಾ?"

ವೀರನಹೊಸಹಳ್ಳಿ ಕಡೆಯ ಹುಡುಗನೊಬ್ಬ ಆ ಖಾನೆಯಲ್ಲಿ ತನ್ನ ಊರು, ಅಂಚೆ, ತಾಲ್ಲೂಕು ಎಲ್ಲ ತುಂಬಿ ಕೊಟ್ಟಿದ್ದ. ನಗಬೇಡಿ. ಅಡ್ರೆಸ್ ಅಂತ ಕೇಳಿದ್ದಕ್ಕೆ ಅಡ್ರೆಸ್ ಬರೆದ, ಅವನದೇನು ತಪ್ಪು? ಇನ್ನೊಬ್ಬಳು ಫೋನಿನ ಡಬ್ಬಿ ಹುಡುಕಿ ಅದರ ಮೇಲಿದ್ದ ಉದ್ದನೆಯ ನಂಬರನ್ನೇ ಬರೆದಳು. ಅದು ಐಎಂಇಐ, ಬೇರೆಯದೇ ನಂಬರು. ಫಾರಂ ತೆಗೆದುಕೊಂಡವರು ನೋಡಲಿಲ್ಲ, ವಾಪಸ್ ಕೊಡಲೂ ಇಲ್ಲ. ವೈಫೈ ಮಾತ್ರ ಬರಲಿಲ್ಲ. ತರಗತಿಯ ನೋಟ್ಸ್, ಅಸೈನ್‌ಮೆಂಟ್ ಎಲ್ಲ ಆನ್‌ಲೈನ್‌ನಲ್ಲೇ ಬರುವ ಕಾಲ ಇದು. ಆ ಹುಡುಗಿ ಹತ್ತು ಹನ್ನೊಂದು ದಿನ ಅಪ್ಪನಿಂದ ಡೇಟಾ ರೀಚಾರ್ಜ್ ಮಾಡಿಸಿಕೊಂಡು ಓದಿದಳು. ಹೊಗೆಸೊಪ್ಪು ನಾಟಿಯ ಕೂಲಿಗೆ ಹೋಗುವ ಮನೆಗೆ ಆ ರೀಚಾರ್ಜ್ ಸಣ್ಣ ಮಾತಲ್ಲ.

ಇದನ್ನು ಬರೆಯಲು ಎರಡು ಕಾರಣ. ನಿಮ್ಮ ಫೋನಿನ ಮ್ಯಾಕ್ ಅಡ್ರೆಸ್ ಹುಡುಕುವುದು ಎರಡು ನಿಮಿಷದ ಕೆಲಸ, ಅದಕ್ಕೆ ಯಾರ ಕೈಗೂ ಫೋನ್ ಕೊಡಬೇಕಿಲ್ಲ, ದುಡ್ಡೂ ಬೇಕಿಲ್ಲ. ಮತ್ತೆ, ಅದನ್ನು ಕೇಳುವವರು ಯಾಕೆ ಕೇಳುತ್ತೇವೆ ಅಂತ ಕನ್ನಡದಲ್ಲಿ ಹೇಳಲೇಬೇಕು. ಮೊದಲನೆಯದು ನಮ್ಮ ನಿಮ್ಮ ಕೈಯಲ್ಲಿದೆ. ಎರಡನೆಯದಕ್ಕೆ ಕೇಳಿ ಪಡೆಯಬೇಕು.

ಮ್ಯಾಕ್ ಅಡ್ರೆಸ್ ಅಂದರೆ ಏನು? ನಿಮ್ಮ ಕೊಟ್ಟಿಗೆಯ ಹಸುವಿನ ಕಿವಿ ನೋಡಿ. ಪಶು ಇಲಾಖೆಯವರು ಹಾಕಿದ ಹಳದಿ ಓಲೆ ಇದೆಯಲ್ಲ, ಅದರ ಮೇಲೆ 12 ಅಂಕೆಯ ನಂಬರಿದೆ. ಹಸುವನ್ನು ಪಿರಿಯಾಪಟ್ಟಣದವರಿಗೆ ಮಾರಿದರೂ, ಅವರು ಕೆ.ಆರ್. ನಗರದವರಿಗೆ ಮಾರಿದರೂ ನಂಬರ್ ಅದೇ. ದೇಶದಲ್ಲಿ ಇನ್ನೊಂದು ಹಸುವಿಗೆ ಆ ನಂಬರ್ ಇರುವುದಿಲ್ಲ. ಮ್ಯಾಕ್ ಅಡ್ರೆಸ್ ಕೂಡ ಹಾಗೆಯೇ, ಅದೂ 12 ಅಕ್ಷರದ್ದೇ. ನಿಮ್ಮ ಫೋನಿನೊಳಗೆ ವೈಫೈ ಹಿಡಿಯುವ ಒಂದು ಸಣ್ಣ ಚಿಪ್ ಇದೆ. ಫೋನ್ ತಯಾರಾಗುವಾಗಲೇ ಕಂಪನಿ ಅದಕ್ಕೆ ಕೊಟ್ಟ ನಂಬರ್ ಇದು. ಎರಡೆರಡು ಅಕ್ಷರದ ಆರು ಜೋಡಿ, ನಡುವೆ ಎರಡು ಚುಕ್ಕೆ. ಸೊನ್ನೆಯಿಂದ ಒಂಬತ್ತರವರೆಗಿನ ಅಂಕೆಗಳ ಜೊತೆಗೆ ಎ, ಬಿ, ಸಿ, ಡಿ, ಇ, ಎಫ್ ಎಂಬ ಆರು ಇಂಗ್ಲಿಷ್ ಅಕ್ಷರಗಳೂ ಇರಬಹುದು. ಅಷ್ಟು ಬಿಟ್ಟು ಬೇರೇನೂ ಇರುವುದಿಲ್ಲ.

ಮೊದಲ ಮೂರು ಜೋಡಿ ಯಾವ ಕಂಪನಿಯದು ಅಂತ ಹೇಳುತ್ತದೆ. ಅದನ್ನು ಕಂಪನಿಗಳಿಗೆ ಹಂಚುವುದು ಅಮೆರಿಕದಲ್ಲಿ ಕಚೇರಿ ಇರುವ ಐಇಇಇ ಎಂಬ ಎಂಜಿನಿಯರುಗಳ ಸಂಸ್ಥೆ. ಉಳಿದ ಮೂರು ಜೋಡಿಯನ್ನು ಕಂಪನಿಯವರು ಒಂದೊಂದು ಚಿಪ್‌ಗೆ ಒಂದೊಂದರಂತೆ ಹಾಕಿಕೊಂಡು ಹೋಗುತ್ತಾರೆ. ಈ ಪದ್ಧತಿ 1980ರಷ್ಟು ಹಳೆಯದು. ಝೆರಾಕ್ಸ್ ಕಂಪನಿ, ಹೌದು, ನಾವು ಜೆರಾಕ್ಸ್ ಅಂಗಡಿ ಅನ್ನುತ್ತೇವಲ್ಲ ಅದೇ ಕಂಪನಿ, ಇನ್ನಿಬ್ಬರ ಜೊತೆ ಸೇರಿ ಕಚೇರಿಯ ಕಂಪ್ಯೂಟರುಗಳನ್ನು ತಂತಿಯಲ್ಲಿ ಒಂದಕ್ಕೊಂದು ಜೋಡಿಸಲು ಮಾಡಿಕೊಂಡ ನಿಯಮ. ಒಟ್ಟು 281 ಲಕ್ಷ ಕೋಟಿ ನಂಬರುಗಳು ಸಾಧ್ಯ. ಸದ್ಯಕ್ಕೆ ಮುಗಿಯುವುದಿಲ್ಲ ಬಿಡಿ.

ಫೋನಿನಲ್ಲಿ ಇದೊಂದೇ ನಂಬರ್ ಇದ್ದಿದ್ದರೆ ಇಷ್ಟು ಗೊಂದಲ ಆಗುತ್ತಿರಲಿಲ್ಲ. ಐಎಂಇಐ ಎಂಬುದು 15 ಅಂಕೆಯದು. ಟವರ್‌ಗೆ ನಿಮ್ಮ ಹ್ಯಾಂಡ್‌ಸೆಟ್ ಯಾವುದು ಅಂತ ಗೊತ್ತಾಗುವುದು ಅದರಿಂದ. ಎರಡು ಸಿಮ್ ಫೋನಿಗೆ ಎರಡು ಐಎಂಇಐ. ಬ್ಲೂಟೂತ್‌ಗೆ ತನ್ನದೇ ಇನ್ನೊಂದು ಮ್ಯಾಕ್. ಇವೆಲ್ಲದರ ಜೊತೆ ಐಪಿ ಅಡ್ರೆಸ್ ಅಂತ ಮತ್ತೊಂದು.

ಐಪಿಗೂ ಮ್ಯಾಕ್‌ಗೂ ಇರುವ ವ್ಯತ್ಯಾಸ ಕಟ್ಟೆಮಳಲವಾಡಿ ಹರಾಜು ಮಾರುಕಟ್ಟೆಗೆ ಬೇಲ್ ಹಾಕಿದವರಿಗೆ ಬೇಗ ತಿಳಿಯುತ್ತದೆ. ನಿಮ್ಮ ಬ್ಯಾರನ್‌ಗೆ ತಂಬಾಕು ಮಂಡಳಿ ಕೊಟ್ಟ ನೋಂದಣಿ ನಂಬರ್ ನಿಮ್ಮದೇ, ವರ್ಷ ವರ್ಷವೂ ಅದೇ. ಹರಾಜಿನ ದಿನ ಬೇಲಿನ ಚೀಟಿಯ ಮೇಲೆ ಬೀಳುವ ಲಾಟ್ ನಂಬರ್ ಆ ದಿನದ ಮಟ್ಟಿಗೆ ಮಾತ್ರ. ಹಾಗೆ ಮ್ಯಾಕ್ ಎಂದರೆ ಬ್ಯಾರನ್ ನಂಬರ್, ಐಪಿ ಎಂದರೆ ಲಾಟ್ ನಂಬರ್. ನೀವು ಯಾವ ವೈಫೈಗೆ ಸೇರುತ್ತೀರೋ ಅದು ಆಗಿನ ಮಟ್ಟಿಗೆ ಒಂದು ಐಪಿ ಕೊಡುತ್ತದೆ. ನೀವು ಎದ್ದು ಹೋದ ಮೇಲೆ ಅದೇ ಐಪಿ ಇನ್ನೊಬ್ಬರಿಗೆ ಸಿಗಬಹುದು.

ಮ್ಯಾಕ್ ಅಡ್ರೆಸ್ ನಿಮ್ಮ ಫೋನಿನಿಂದ ವೈಫೈ ರೂಟರ್‌ವರೆಗೆ ಮಾತ್ರ ಹೋಗುತ್ತದೆ. ಅಲ್ಲಿಂದ ಆಚೆ ಹೋಗುವುದಿಲ್ಲ. ನೀವು ನೋಡುವ ವೆಬ್‌ಸೈಟಿಗೆ ನಿಮ್ಮ ಐಪಿ ಕಾಣುತ್ತದೆಯೇ ಹೊರತು ಮ್ಯಾಕ್ ಕಾಣುವುದಿಲ್ಲ. ಇನ್ನು ಕಾಡಂಚಿನ ನಮ್ಮ ಊರುಗಳಲ್ಲಿ ಬಹಳ ಮಂದಿ ಬಳಸುವುದು ಸಿಮ್‌ನ ಡೇಟಾ. ಅದರಲ್ಲಿ ವೈಫೈ ಮ್ಯಾಕ್‌ಗೆ ಕೆಲಸವೇ ಇಲ್ಲ. ಹಾಗಾಗಿ ಊರಲ್ಲಿ ಇದ್ದಷ್ಟು ದಿನ ಈ ನಂಬರ್ ಯಾರಿಗೂ ಬೇಕಾಗುವುದಿಲ್ಲ. ಮಗ ಮಗಳು ಹಾಸ್ಟೆಲ್ ಸೇರಿದ ದಿನ ದಿಢೀರ್ ಅಂತ ಬೇಕಾಗುತ್ತದೆ.

ಈಗ ಹುಡುಕುವ ದಾರಿ. ಆಂಡ್ರಾಯ್ಡ್ ಫೋನಾದರೆ ಮೊದಲು ವೈಫೈ ಆನ್ ಮಾಡಿಕೊಳ್ಳಿ, ಕೆಲವು ಫೋನುಗಳಲ್ಲಿ ಆಫ್ ಇದ್ದರೆ ನಂಬರ್ ತೋರಿಸುವುದಿಲ್ಲ. ಸೆಟ್ಟಿಂಗ್ಸ್ ತೆರೆದು ಕೆಳಗಡೆ ತನಕ ಹೋಗಿ. 'ಅಬೌಟ್ ಫೋನ್' ಅಂತ ಇರುತ್ತದೆ, ಫೋನನ್ನು ಕನ್ನಡದಲ್ಲಿ ಇಟ್ಟುಕೊಂಡವರಿಗೆ 'ಫೋನ್ ಕುರಿತು'. ಅದರೊಳಗೆ 'ಸ್ಟೇಟಸ್' ಅಂತ ಇದ್ದರೆ ಅದನ್ನೂ ಒತ್ತಿ. ಸ್ಯಾಮ್‌ಸಂಗ್‌ನಲ್ಲಿ 'ಸ್ಟೇಟಸ್ ಇನ್ಫರ್ಮೇಶನ್'. ಅಲ್ಲಿ ವೈಫೈ ಮ್ಯಾಕ್ ಅಡ್ರೆಸ್ ಎಂಬ ಸಾಲಿದೆ. ಐಫೋನಾದರೆ ಸೆಟ್ಟಿಂಗ್ಸ್, ಜನರಲ್, ಅಬೌಟ್. ಅಲ್ಲಿ ಮ್ಯಾಕ್ ಅನ್ನುವ ಪದ ಇರುವುದಿಲ್ಲ, 'ವೈಫೈ ಅಡ್ರೆಸ್' ಅಂತಿರುತ್ತದೆ. ಒಂದೊಂದು ಕಂಪನಿ ಒಂದೊಂದು ಕಡೆ ಇಟ್ಟಿರುತ್ತದೆ, ಸಿಗದಿದ್ದರೆ ಸೆಟ್ಟಿಂಗ್ಸ್‌ನ ಮೇಲ್ಗಡೆ ಹುಡುಕುವ ಜಾಗದಲ್ಲಿ ಎಂ, ಎ, ಸಿ ಎಂಬ ಮೂರು ಇಂಗ್ಲಿಷ್ ಅಕ್ಷರ ಒತ್ತಿ. ಅದೇ ಕರೆದುಕೊಂಡು ಹೋಗುತ್ತದೆ.

ಕೈಯಲ್ಲಿ ಬರೆದುಕೊಳ್ಳುವಾಗ ಜಾಗ್ರತೆ. ಅದರಲ್ಲಿ 'ಓ' ಅಕ್ಷರ ಇರುವುದೇ ಇಲ್ಲ, ದುಂಡಗೆ ಕಂಡದ್ದು ಸೊನ್ನೆ. ಇಂಗ್ಲಿಷಿನ ಬಿ ಅಕ್ಷರ 8ರ ಹಾಗೆ, ಡಿ ಅಕ್ಷರ ಸೊನ್ನೆಯ ಹಾಗೆ ಕಾಣುತ್ತದೆ. ಬಹಳ ಫೋನುಗಳಲ್ಲಿ ಆ ಸಾಲನ್ನು ಒತ್ತಿ ಹಿಡಿದರೆ ಕಾಪಿ ಆಗುತ್ತದೆ, ಅದು ಒಳ್ಳೆಯದು. ಸ್ಕ್ರೀನ್‌ಶಾಟ್ ಕಳಿಸುವುದಾದರೆ ಬೇಡದ್ದನ್ನು ಕತ್ತರಿಸಿ ಕಳಿಸಿ. ಅದೇ ಪುಟದಲ್ಲಿ ನಿಮ್ಮ ಐಎಂಇಐ, ಕೆಲವೊಮ್ಮೆ ಫೋನ್ ನಂಬರೂ ಇರುತ್ತದೆ.

ಆ್ಯಪ್ ಹಾಕಬೇಡಿ. ಪ್ಲೇ ಸ್ಟೋರಿನಲ್ಲಿ 'ಮ್ಯಾಕ್ ಅಡ್ರೆಸ್ ತೋರಿಸುತ್ತೇವೆ' ಅನ್ನುವ ಆ್ಯಪ್‌ಗಳು ಸಿಗುತ್ತವೆ. 2015ರಲ್ಲಿ ಬಂದ ಆಂಡ್ರಾಯ್ಡ್ 6ರಿಂದಲೇ ಗೂಗಲ್ ಆ ದಾರಿ ಮುಚ್ಚಿದೆ. ಸಾಮಾನ್ಯ ಆ್ಯಪ್ ಕೇಳಿದರೆ ಫೋನು ನಿಜ ಹೇಳುವುದಿಲ್ಲ, 02:00:00:00:00:00 ಅಂತ ಒಂದು ಸುಳ್ಳು ನಂಬರ್ ಕೊಟ್ಟು ಕಳಿಸುತ್ತದೆ. ಆ ಆ್ಯಪ್‌ನಿಂದ ನಿಮಗೆ ಉಪಯೋಗವಿಲ್ಲ, ಜಾಹೀರಾತು ತೋರಿಸಿ ಅವರಿಗೆ ದುಡ್ಡು. ಇನ್ನೂ ಕೆಟ್ಟದ್ದೊಂದಿದೆ. "ನಾವೇ ಹುಡುಕಿಕೊಡ್ತೀವಿ, ಈ ಆ್ಯಪ್ ಹಾಕ್ಕೊಂಡು ಕೋಡ್ ಹೇಳಿ" ಅನ್ನುವವರು. ಅದು ನಿಮ್ಮ ಪರದೆಯನ್ನು ಅವರಿಗೆ ತೋರಿಸುವ ಆ್ಯಪ್. ಹಾಗೆ ಬಿಟ್ಟುಕೊಟ್ಟರೆ ಮ್ಯಾಕ್ ಹಾಳಾಗಿ ಹೋಗಲಿ, ಬ್ಯಾಂಕಿನ ಒಟಿಪಿಯೇ ಅವರಿಗೆ ಕಾಣುತ್ತದೆ. ಸಿಕ್ಕಿಬಿದ್ದರೆ ತಡಮಾಡದೆ 1930ಕ್ಕೆ ಫೋನ್ ಮಾಡಿ.

ಇಷ್ಟು ಮಾಡಿ ಸರಿಯಾದ ನಂಬರ್ ಬರೆದುಕೊಟ್ಟ ಮೇಲೂ ವೈಫೈ ಬರುವುದಿಲ್ಲ ಎನ್ನುವ ದೂರು ಈಗ ಹೆಚ್ಚು. ಕಾರಣ ತಿಳಿಯಲು ಸ್ವಲ್ಪ ನಾಗರಹೊಳೆ ಕಾಡಿನ ಒಳಗೆ ಹೋಗಿ ಬರೋಣ.

ಹುಲಿಯ ಮೈಮೇಲಿನ ಪಟ್ಟೆ ಒಂದರ ಹಾಗೆ ಇನ್ನೊಂದಕ್ಕೆ ಇರುವುದಿಲ್ಲ. 1990ರ ದಶಕದ ಆರಂಭದಲ್ಲಿ ಉಲ್ಲಾಸ ಕಾರಂತರು ಇದೇ ನಾಗರಹೊಳೆಯಲ್ಲಿ ದಾರಿ ಬದಿ ಕ್ಯಾಮೆರಾ ಕಟ್ಟಿ, ಪಟ್ಟೆ ನೋಡಿ ಹುಲಿಗಳನ್ನು ಒಂದೊಂದಾಗಿ ಗುರುತಿಸಿ ಲೆಕ್ಕ ಹಾಕುವ ಕೆಲಸ ಶುರು ಮಾಡಿದರು. ಇವತ್ತು ಇಲ್ಲಿ ಕಂಡ ಹುಲಿ ಮುಂದಿನ ವಾರ ಇನ್ನೊಂದು ಕ್ಯಾಮೆರಾದಲ್ಲಿ ಕಂಡರೆ ಅದೇ ಹುಲಿ ಎಂದು ಗೊತ್ತಾಗುತ್ತದೆ, ಎಷ್ಟು ದೂರ ನಡೆಯಿತು ಎಂದೂ ಗೊತ್ತಾಗುತ್ತದೆ. ಹುಲಿ ಉಳಿಯಲು ಅದು ಬೇಕು, ಒಳ್ಳೆಯ ಕೆಲಸ.

ಮನುಷ್ಯರಿಗೂ ಹಾಗೆ ಮಾಡಿದರೆ? ಫೋನಿನಲ್ಲಿ ವೈಫೈ ಆನ್ ಇದ್ದರೆ ಅದು ಸುಮ್ಮನೆ ಕೂರುವುದಿಲ್ಲ. 'ಇಲ್ಲಿ ಯಾವ ವೈಫೈ ಇದೆ' ಅಂತ ಆಗಾಗ ಕೂಗುತ್ತಲೇ ಇರುತ್ತದೆ. ಹಿಂದೆ ಆ ಕೂಗಿನ ಜೊತೆಗೆ ತನ್ನ ನಿಜವಾದ ಮ್ಯಾಕ್ ಅಡ್ರೆಸ್ಸನ್ನೂ ಹೇಳುತ್ತಿತ್ತು. 2013ರಲ್ಲಿ ಲಂಡನ್ ನಗರದ ರಸ್ತೆ ಬದಿಯ ಜಾಹೀರಾತು ಕಸದ ಡಬ್ಬಿಗಳಲ್ಲಿ ಒಂದು ಕಂಪನಿ ಇದನ್ನು ಕೇಳಿಸಿಕೊಳ್ಳುವ ಉಪಕರಣ ಇಟ್ಟಿತ್ತು. ಯಾವ ಫೋನ್ ಎಷ್ಟು ಹೊತ್ತಿಗೆ ಹಾದುಹೋಯಿತು, ಮತ್ತೆ ಯಾವಾಗ ಬಂತು ಅಂತ ದಾಖಲೆ. ದಾರಿಹೋಕರಿಗೆ ಗೊತ್ತೇ ಇಲ್ಲ. ಗದ್ದಲವಾದ ಮೇಲೆ ನಗರಾಡಳಿತ ನಿಲ್ಲಿಸಿ ಎಂದಿತು. ಕಸದ ಡಬ್ಬಿ ಜನರನ್ನು ಎಣಿಸಿದ ಕಥೆ ಇದು, ಕಟ್ಟುಕಥೆಯಲ್ಲ.

ಆಮೇಲೆ ಫೋನ್ ಕಂಪನಿಗಳು ಪಟ್ಟೆ ಬದಲಾಯಿಸುವ ವಿದ್ಯೆ ತಂದವು. 2014ರಲ್ಲಿ ಆ್ಯಪಲ್ ವೈಫೈ ಹುಡುಕುವಾಗ ಸುಳ್ಳು ಮ್ಯಾಕ್ ಹೇಳುವ ಹಾಗೆ ಮಾಡಿತು. 2019ರ ಆಂಡ್ರಾಯ್ಡ್ 10, 2020ರ ಐಒಎಸ್ 14 ಇನ್ನೂ ಮುಂದೆ ಹೋದವು. ಈಗ ನಿಮ್ಮ ಫೋನ್ ಒಂದೊಂದು ವೈಫೈಗೆ ಒಂದೊಂದು ಬೇರೆ ಮ್ಯಾಕ್ ತೋರಿಸುತ್ತದೆ. ಮನೆಗೆ ಒಂದು, ಹಾಸ್ಟೆಲ್‌ಗೆ ಇನ್ನೊಂದು. ಇದು ನಿಮ್ಮ ರಕ್ಷಣೆಗೆ ಇರುವುದು. ಆದರೆ ಹಾಸ್ಟೆಲ್‌ನವರ ಪಟ್ಟಿಯಲ್ಲಿರುವುದು ನೀವು 'ಅಬೌಟ್ ಫೋನ್' ನೋಡಿ ಬರೆದ ಹುಟ್ಟು ನಂಬರ್. ಫೋನ್ ಅಲ್ಲಿ ಹೋಗಿ ಹೇಳುವುದು ಬೇರೆ. ಗೇಟಿನಲ್ಲಿ ನಿಂತವನು ಪಟ್ಟಿಯಲ್ಲಿ ಹೆಸರಿಲ್ಲ ಅಂತ ವಾಪಸ್ ಕಳಿಸುತ್ತಾನೆ.

ಯಾವುದು ಹುಟ್ಟು ನಂಬರ್, ಯಾವುದು ಫೋನ್ ಕಟ್ಟಿಕೊಂಡದ್ದು ಎಂದು ತಿಳಿಯಲು ಸುಲಭದ ಗುರುತಿದೆ. ಎಡಗಡೆಯಿಂದ ಎರಡನೆಯ ಅಕ್ಷರ ನೋಡಿ. ಅದು 2, 6, ಎ ಅಥವಾ ಇ ಆಗಿದ್ದರೆ ಅದು ಕಟ್ಟಿಕೊಂಡ ನಂಬರ್. 0, 4, 8 ಅಥವಾ ಸಿ ಆಗಿದ್ದರೆ ಕಂಪನಿ ಕೊಟ್ಟದ್ದು. ಮೇಲೆ ಹೇಳಿದ ಸುಳ್ಳು ನಂಬರಿನಲ್ಲೂ ಎರಡನೆಯ ಅಕ್ಷರ 2 ಇದೆ ನೋಡಿ.

ಸರಿಪಡಿಸುವುದು ಹೇಗೆ? ಆ ಹಾಸ್ಟೆಲ್ ವೈಫೈನ ಹೆಸರಿನ ಪಕ್ಕ ಹಲ್ಲುಚಕ್ರದ ಗುರುತು ಒತ್ತಿ. 'ಪ್ರೈವೆಸಿ' ಅಥವಾ 'ಮ್ಯಾಕ್ ಅಡ್ರೆಸ್ ಟೈಪ್' ಅಂತ ಬರುತ್ತದೆ. ಅಲ್ಲಿ 'ಯೂಸ್ ಡಿವೈಸ್ ಮ್ಯಾಕ್', ಸ್ಯಾಮ್‌ಸಂಗ್‌ನಲ್ಲಿ 'ಫೋನ್ ಮ್ಯಾಕ್' ಆರಿಸಿ. ಐಫೋನಿನಲ್ಲಿ ಆ ವೈಫೈನ ಪಕ್ಕದ ಗುರುತು ಒತ್ತಿ 'ಪ್ರೈವೇಟ್ ವೈಫೈ ಅಡ್ರೆಸ್' ಆಫ್ ಮಾಡಿ. ಆ ಒಂದು ವೈಫೈಗೆ ಮಾತ್ರ ಮಾಡಿದರೆ ಸಾಕು, ಬಸ್ ಸ್ಟ್ಯಾಂಡು, ಹೋಟೆಲ್, ಮಾಲ್‌ಗಳಿಗೆ ಬದಲಾಯಿಸುವ ನಂಬರೇ ಇರಲಿ. ನಮ್ಮನ್ನು ಕೇಳಿದರೆ ಇನ್ನೊಂದು ದಾರಿ ಉತ್ತಮ. ಆ ವೈಫೈಗೆಂದು ಫೋನ್ ಕಟ್ಟಿಕೊಂಡ ನಂಬರ್ ಅದೇ ಪುಟದಲ್ಲಿ ಕಾಣುತ್ತದೆ, ಅದನ್ನೇ ಬರೆದುಕೊಡಿ. ಸಾಮಾನ್ಯವಾಗಿ ಆ ವೈಫೈಗೆ ಅದೇ ಇರುತ್ತದೆ, ಫೋನನ್ನು ಫ್ಯಾಕ್ಟರಿ ರೀಸೆಟ್ ಮಾಡಿದರೆ ಬದಲಾದೀತು. ಹುಟ್ಟು ನಂಬರ್ ನಿಮ್ಮ ಹತ್ತಿರವೇ ಉಳಿಯುತ್ತದೆ.

ಇದೇ ಕಾರಣಕ್ಕೆ ಮನೆ ವೈಫೈ ಕದಿಯುವವರನ್ನು ಹಿಡಿಯುವುದೂ ಕಷ್ಟವಾಗಿದೆ. ಕೇಬಲ್‌ನವರು ಊರೊಳಗೆ ಫೈಬರ್ ಎಳೆದ ಮೇಲೆ ಒಂದು ಮನೆಯ ಕನೆಕ್ಷನ್ನು ಮೂರು ಮನೆಗೆ ಆಗುತ್ತಿದೆ. ರೂಟರಿನಲ್ಲಿ ಪಕ್ಕದ ಮನೆ ಹುಡುಗನ ಮ್ಯಾಕ್ ನೋಡಿ ಬ್ಲಾಕ್ ಮಾಡುತ್ತೀರಿ, ಅವನು ಸೆಟ್ಟಿಂಗ್ ಬದಲಾಯಿಸಿ ಹೊಸ ಮ್ಯಾಕ್ ಹಾಕಿಕೊಂಡು ಬರುತ್ತಾನೆ. ಪಾಸ್‌ವರ್ಡ್ ಬದಲಾಯಿಸಿ, ಮುಗಿಯಿತು. ಅಥವಾ ಅವರಪ್ಪನ ಹತ್ತಿರ ತಿಂಗಳಿಗೆ ಇಷ್ಟು ಅಂತ ಮಾತಾಡಿ.

ಫೋನ್ ಕಳೆದಾಗ ಮಾತ್ರ ಮ್ಯಾಕ್ ಹಿಡಿದುಕೊಂಡು ಓಡಾಡಬೇಡಿ. ಸಂತೆಯಲ್ಲೋ ಬಸ್ಸಿನಲ್ಲೋ ಫೋನ್ ಹೋದರೆ ಬೇಕಾಗುವುದು ಐಎಂಇಐ. ಈಗಲೇ ಫೋನಿನಲ್ಲಿ *#06# ಒತ್ತಿ ನೋಡಿ, ಬರುತ್ತದೆ. ಅದನ್ನು ಕಾಗದದಲ್ಲಿ ಬರೆದು ರೇಷನ್ ಕಾರ್ಡ್ ಇಡುವ ಜಾಗದಲ್ಲಿ ಇಡಿ. ಫೋನಿನಲ್ಲೇ ಸೇವ್ ಮಾಡಿಟ್ಟರೆ ಫೋನಿನ ಜೊತೆ ಅದೂ ಹೋಗುತ್ತದೆ, ಇದನ್ನು ಎಷ್ಟು ಜನ ಮಾಡಿದ್ದಾರೋ! ಕಳೆದರೆ ಠಾಣೆಯಲ್ಲಿ ದೂರು ಕೊಟ್ಟು, ಅದೇ ನಂಬರಿನ ಸಿಮ್ ಮತ್ತೆ ತೆಗೆದುಕೊಂಡು, ಕೇಂದ್ರ ದೂರಸಂಪರ್ಕ ಇಲಾಖೆಯ ಸಂಚಾರ್ ಸಾಥಿಯಲ್ಲಿ ಬ್ಲಾಕ್ ಮಾಡಿಸಬೇಕು. 2023ರ ಮೇ ತಿಂಗಳಿಂದ ಇದು ಇಡೀ ದೇಶಕ್ಕೆ ಇದೆ. ಬ್ಲಾಕ್ ಆದ ಫೋನಿಗೆ ಯಾವ ಕಂಪನಿಯ ಸಿಮ್ ಹಾಕಿದರೂ ನಡೆಯುವುದಿಲ್ಲ. ಸೆಕೆಂಡ್‌ಹ್ಯಾಂಡ್ ಫೋನ್ ಕೊಳ್ಳುವವರು ಇಂಗ್ಲಿಷಿನಲ್ಲಿ ಕೆ, ವೈ, ಎಂ ಎಂದು ಬರೆದು ಜಾಗ ಬಿಟ್ಟು 15 ಅಂಕೆಯ ಐಎಂಇಐ ಹಾಕಿ 14422ಕ್ಕೆ ಮೆಸೇಜ್ ಕಳಿಸಿ, ಆಮೇಲೆ ದುಡ್ಡು ಕೊಡಿ. ಐಎಂಇಐ ತಿದ್ದುವುದು 2023ರ ದೂರಸಂಪರ್ಕ ಕಾಯ್ದೆಯಲ್ಲಿ ಅಪರಾಧ. 3 ವರ್ಷದವರೆಗೆ ಜೈಲು, 50 ಲಕ್ಷ ರೂಪಾಯಿವರೆಗೆ ದಂಡ ಆಗಬಹುದು.

ಇನ್ನು ಕೇಳುವವರ ಕಡೆಗೆ ಬರೋಣ.

ಫಾರಂನಲ್ಲಿ ಮ್ಯಾಕ್ ಅಡ್ರೆಸ್ ಎಂಬ ಖಾನೆ ಹಾಕಿದವರಿಗೆ ನಮ್ಮ ಮೊದಲ ಪ್ರಶ್ನೆ, ಇದನ್ನು ಮಕ್ಕಳ ಕೈಲಿ ಯಾಕೆ ಬರೆಸುತ್ತೀರಿ? ಫೋನ್ ನಿಮ್ಮ ವೈಫೈ ಬಾಗಿಲಿಗೆ ಬಂದು ನಿಂತ ಕೂಡಲೇ ನಿಮ್ಮ ರೂಟರಿಗೆ ಅದರ ಮ್ಯಾಕ್ ಕಾಣುತ್ತದೆ. ಕೇಳಬೇಕಾಗಿಯೇ ಇಲ್ಲ. ಮೊದಲ ದಿನ ಒಂದು ಸಲ ಫೋನ್ ಸೇರಿಸಿಕೊಂಡು, ಪರದೆಯಲ್ಲಿ ಕಂಡದ್ದನ್ನು ಹೆಸರಿನ ಮುಂದೆ ಒತ್ತಿಕೊಂಡರೆ ತಪ್ಪೂ ಆಗುವುದಿಲ್ಲ, ಸುಳ್ಳು ನಂಬರಿನ ತಕರಾರೂ ಬರುವುದಿಲ್ಲ. ಮೈಸೂರು ರೈಲು ನಿಲ್ದಾಣದ ವೈಫೈ ಮೊಬೈಲ್ ನಂಬರ್, ಒಟಿಪಿ ಕೇಳುತ್ತದೆ, ಮ್ಯಾಕ್ ಬರೆದುಕೊಡಿ ಅನ್ನುವುದಿಲ್ಲ. ನಿತ್ಯ ಬಂದು ಹೋಗುವ ಅಷ್ಟು ಜನರನ್ನು ಅವರು ಸಂಭಾಳಿಸುವಾಗ ಇನ್ನೂರು ಮುನ್ನೂರು ಮಕ್ಕಳ ಹಾಸ್ಟೆಲ್‌ಗೆ ಆಗುವುದಿಲ್ಲವೇ?

ಭದ್ರತೆಗಾಗಿ ಅನ್ನುತ್ತಾರೆ. ಅದು ಅರ್ಧ ಮಾತ್ರ ನಿಜ. ಮ್ಯಾಕ್ ಅಡ್ರೆಸ್ ಬೀಗವಲ್ಲ, ಬಾಗಿಲ ಮೇಲೆ ಬರೆದ ಮನೆ ನಂಬರ್ ಇದ್ದ ಹಾಗೆ. ಲ್ಯಾಪ್‌ಟಾಪಿನಲ್ಲಿ ಇನ್ನೊಬ್ಬರ ಮ್ಯಾಕ್ ಹಾಕಿಕೊಳ್ಳುವುದು ಬಲ್ಲವರಿಗೆ ಐದು ನಿಮಿಷದ ಕೆಲಸ. ಹಾಗೆ ಯಾರೋ ನಿಮ್ಮ ಮಗಳ ಮ್ಯಾಕ್ ಹಾಕಿಕೊಂಡು ಮಾಡಬಾರದ್ದು ಮಾಡಿದರೆ, ಕಾಲೇಜಿನ ದಾಖಲೆಯಲ್ಲಿ ಇರುವುದು ನಿಮ್ಮ ಮಗಳ ಹೆಸರು. ವಾರ್ಡನ್ ಕರೆಯುವುದು ಅವಳನ್ನು. ಹಳ್ಳಿಯಿಂದ ಹೋದ ಹುಡುಗಿ, ಇಂಗ್ಲಿಷಿನಲ್ಲಿ ವಾದ ಮಾಡಲು ಬಾರದವಳು, 'ಅದು ನನ್ನ ಫೋನಲ್ಲ' ಎಂದು ಹೇಗೆ ಸಾಬೀತು ಮಾಡುತ್ತಾಳೆ? ಹಾಗಿದ್ದೂ ಕೆಲವು ಕಡೆ ಹೆಸರು, ಕೊಠಡಿ ನಂಬರ್, ಮ್ಯಾಕ್ ಅಡ್ರೆಸ್ ಎಲ್ಲ ಸೇರಿಸಿ ಪಟ್ಟಿಯನ್ನು ನೋಟಿಸ್ ಬೋರ್ಡಿಗೆ ಅಂಟಿಸುತ್ತಾರೆ, ಕ್ಲಾಸಿನ ವಾಟ್ಸ್‌ಆ್ಯಪ್ ಗ್ರೂಪಿಗೆ ಹಾಕುತ್ತಾರೆ. ಬೀಗದ ಕೈಯನ್ನು ಬಾಗಿಲಿಗೇ ನೇತುಹಾಕಿದ ಹಾಗೆ. ಒಬ್ಬೊಬ್ಬರಿಗೆ ಒಂದೊಂದು ಹೆಸರು, ಪಾಸ್‌ವರ್ಡ್ ಕೊಡುವುದು ಇದಕ್ಕಿಂತ ಗಟ್ಟಿ. ಅದಕ್ಕೆ ಖರ್ಚು ಸ್ವಲ್ಪ, ಕೆಲಸ ಸ್ವಲ್ಪ. ಆ ಕೆಲಸ ತಪ್ಪಿಸಿಕೊಳ್ಳಲು ಹೊರೆಯನ್ನು ಮಕ್ಕಳ ಮೇಲೆ ಹಾಕಿದ್ದಾರೆ ಅನ್ನುವುದು ನಮ್ಮ ಅಭಿಪ್ರಾಯ.

'ಟವರೇ ಸಿಗದ ಊರಿನವರಿಗೆ ಪ್ರೈವೆಸಿ ಮಾತು ಯಾಕೆ, ಮೊದಲು ನೆಟ್‌ವರ್ಕ್ ಕೊಡಿಸಿ' ಎನ್ನುವ ಗೆಳೆಯರಿದ್ದಾರೆ. ನೆಟ್‌ವರ್ಕ್ ಬೇಕು, ಅದಕ್ಕೆ ನಾವೂ ಬರೆಯುತ್ತಲೇ ಇದ್ದೇವೆ. ಸುದ್ದಿಗೆ ಸಿಗುವ ದುಡ್ಡಿಗಿಂತ ಸಿಗ್ನಲ್ ಹುಡುಕಿಕೊಂಡು ಹೋದ ಪೆಟ್ರೋಲ್ ಜಾಸ್ತಿಯಾದ ದಿನಗಳು ಬೇಕಾದಷ್ಟು. ಆದರೆ ನೆಟ್‌ವರ್ಕ್ ಬರುವಾಗ ಒಂಟಿಯಾಗಿ ಬರುವುದಿಲ್ಲ, ಫಾರಂಗಳ ಜೊತೆಗೇ ಬರುತ್ತದೆ. ಪಂಚಾಯಿತಿಗೆ ಭಾರತ್‌ನೆಟ್ ಫೈಬರ್ ಬಂತು, ಗ್ರಂಥಾಲಯ ಅರಿವು ಕೇಂದ್ರವಾಯಿತು, 2020ರ ಡಿಸೆಂಬರಿನಲ್ಲಿ ಕೇಂದ್ರ ಸಂಪುಟ ಒಪ್ಪಿದ ಪಿಎಂ ವಾಣಿ ಯೋಜನೆಯಲ್ಲಿ ಕಿರಾಣಿ ಅಂಗಡಿಯವರೂ ಲೈಸೆನ್ಸ್ ಇಲ್ಲದೆ ವೈಫೈ ಮಾರಬಹುದು. ಇವೆಲ್ಲ ನಮ್ಮ ಊರಿಗೆ ಪೂರ್ತಿ ಬಂದು ಕೂತ ಮೇಲೆ ಯಾವ ನಂಬರ್ ಯಾರಿಗೆ ಅಂತ ಕಲಿಯುತ್ತೇವೆ ಅಂದರೆ ತಡವಾಗಿರುತ್ತದೆ.

ಪ್ರೈವೆಸಿ ಎಂಬುದು ಪೇಟೆಯವರ ಚಟ ಎನ್ನುವವರಿಗೆ ಇನ್ನೊಂದು ಮಾತು. ಅದು ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು 2017ರ ಆಗಸ್ಟ್ 24ರಂದು ಹೇಳಿದ ಪ್ರಕರಣಕ್ಕೆ ಹೆಸರು ಬಂದದ್ದು ಕೆ.ಎಸ್. ಪುಟ್ಟಸ್ವಾಮಿ ಅವರಿಂದ. ಅವರು ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ. 2012ರಲ್ಲಿ ಆಧಾರ್ ಪ್ರಶ್ನಿಸಿ ಅರ್ಜಿ ಹಾಕಿದಾಗ ಅವರಿಗೆ ಎಂಬತ್ತು ದಾಟಿತ್ತು.

ಆ ತೀರ್ಪಿನ ಹಿಂದೆಯೇ ಬಂದದ್ದು 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ. ಅದರ ನಿಯಮಗಳು 2025ರ ನವೆಂಬರಿನಲ್ಲಿ ಪ್ರಕಟವಾದವು, ಜಾರಿ ಹಂತ ಹಂತವಾಗಿ. ನಿಮ್ಮ ಒಪ್ಪಿಗೆ ಪಡೆದು ಮಾಹಿತಿ ತೆಗೆದುಕೊಳ್ಳುವವರು ಏನು ತೆಗೆದುಕೊಳ್ಳುತ್ತೇವೆ, ಯಾತಕ್ಕೆ ಅಂತ ತಿಳಿಸಬೇಕು ಎನ್ನುತ್ತದೆ ಆ ಕಾಯ್ದೆ. ಆ ತಿಳಿವಳಿಕೆಯನ್ನು ಇಂಗ್ಲಿಷ್ ಅಥವಾ ಸಂವಿಧಾನದ ಎಂಟನೇ ಅನುಸೂಚಿಯ ಭಾಷೆಯಲ್ಲಿ ಓದುವ ಆಯ್ಕೆಯನ್ನೂ ಕೊಡಬೇಕು. ಕನ್ನಡ ಆ ಪಟ್ಟಿಯಲ್ಲಿದೆ. ಕನ್ನಡದಲ್ಲಿ ಕೊಡಿ ಎಂದು ಕೇಳಿದರೆ ಉಪಕಾರ ಕೇಳಿದ ಹಾಗಲ್ಲ.

ದೊಡ್ಡ ಬದಲಾವಣೆ ಏನೂ ಬೇಡ. ಹಾಸ್ಟೆಲ್, ಕಾಲೇಜು, ತರಬೇತಿ ಕೇಂದ್ರ ಯಾವುದೇ ಆಗಲಿ, ಆ ಖಾನೆಯ ಕೆಳಗೆ ಸಣ್ಣ ಅಕ್ಷರದಲ್ಲಿ ಕನ್ನಡದ ನಾಲ್ಕು ಸಾಲು ಅಚ್ಚು ಹಾಕಲಿ. ಬೇಕಾದವರು ಇದನ್ನೇ ತೆಗೆದುಕೊಳ್ಳಬಹುದು, ನಮ್ಮನ್ನು ಕೇಳಬೇಕಿಲ್ಲ:

"ಮ್ಯಾಕ್ ಅಡ್ರೆಸ್ ಎಂದರೆ ನಿಮ್ಮ ಫೋನಿನ ವೈಫೈ ನಂಬರ್, 12 ಅಕ್ಷರ. ಸೆಟ್ಟಿಂಗ್ಸ್‌ನಲ್ಲಿ ಅಬೌಟ್ ಫೋನ್ ಒಳಗೆ ಇದೆ. ಇದು ಐಎಂಇಐ ಅಲ್ಲ. ನಮ್ಮ ವೈಫೈಗೆ ನಿಮ್ಮ ಫೋನನ್ನು ಸೇರಿಸಲು ಮಾತ್ರ ಬಳಸುತ್ತೇವೆ, ನೀವು ಬಿಟ್ಟು ಹೋದ ತಿಂಗಳಲ್ಲಿ ಅಳಿಸುತ್ತೇವೆ, ಬೇರೆ ಯಾರಿಗೂ ತೋರಿಸುವುದಿಲ್ಲ. ಬರೆಯಲು ಆಗದಿದ್ದರೆ ಫೋನ್ ತನ್ನಿ, ನಿಮ್ಮ ಎದುರಿಗೇ ನೋಡಿಕೊಳ್ಳುತ್ತೇವೆ."

ಈ ಸಲ ಫಾರಂ ತುಂಬುವವರು ಕೌಂಟರಿನಲ್ಲಿ ಎರಡು ಪ್ರಶ್ನೆ ಕೇಳಿ ನೋಡಿ. ಇದನ್ನು ಎಷ್ಟು ದಿನ ಇಟ್ಟುಕೊಳ್ಳುತ್ತೀರಿ? ಪಟ್ಟಿ ಯಾರಿಗೆಲ್ಲ ಕಾಣುತ್ತದೆ? ಮಕ್ಕಳಿಗೆ ಕೇಳಲು ಅಂಜಿಕೆಯಾದರೆ ಬಿಡಲು ಹೋದ ಅಪ್ಪ ಅಮ್ಮನೇ ಕೇಳಲಿ. ಅವರು ಏನು ಹೇಳಿದರು ಅಂತ ನಮಗೆ ತಿಳಿಸಿ, ಹೆಸರು ಹಾಕದೆ ಬರೆಯುತ್ತೇವೆ. ಮ್ಯಾಕ್ ನಂಬರ್ ಮಾತ್ರ ನಮಗೆ ಕಳಿಸಬೇಡಿ, ನಮಗೆ ಅದರ ಅಗತ್ಯವಿಲ್ಲ.